ದೊಡ್ಡ ಟರಂಟುಲಾ ಮತ್ತು ಅದರ ತುರಿಕೆ ರೋಮ: ಪದೇ ಪದೇ ಕೇಳುವ ಪ್ರಶ್ನೆಗಳು

ದೊಡ್ಡ ಜೇಡ ಸಾಕುತ್ತೇನೆ ಅಂದ ಕೂಡಲೇ ಎಲ್ಲರೂ ಕೇಳುವುದು ಒಂದೇ: ಕಡಿಯಲ್ವಾ? ಸಾಕಿದವರು ಕೇಳುವುದು ಬೇರೆ. ಕೈ ಯಾಕೆ ಇಷ್ಟು ತುರಿಸುತ್ತಿದೆ? ಇದು ಯಾವಾಗ ಹೋಗುತ್ತದೆ? ಜೇಡದ ಬೆನ್ನು ಯಾಕೆ ಬೋಳಾಗಿದೆ? ಹನ್ನೊಂದು ವರ್ಷದಿಂದ ದೊಡ್ಡ ಜಾತಿಯ ಟರಂಟುಲಾಗಳನ್ನು ಸಾಕುತ್ತಿದ್ದೇನೆ. ಈ ಪ್ರಶ್ನೆಗಳನ್ನು ಮೊದಲು ನಾನೂ ಬೇರೆಯವರ ಹತ್ತಿರ ಕೇಳಿದ್ದೆ, ಈಗ ಬೇರೆಯವರು ನನ್ನ ಹತ್ತಿರ ಕೇಳುತ್ತಾರೆ. ಹೊಸಬರಿಗೆ ಒಂದೇ ಕಡೆ ಸಿಗಲಿ ಅಂತ ಬರೆದಿಟ್ಟಿದ್ದೇನೆ.

ತುರಿಕೆ ರೋಮ ಅಂದರೆ ಏನು? ಮೈಮೇಲಿನ ಎಲ್ಲ ಕೂದಲೂ ತುರಿಸುತ್ತದಾ?

ಇಲ್ಲ. ಟರಂಟುಲಾದ ಮೈತುಂಬಾ ಕೂದಲಿದೆ. ಅದರಲ್ಲಿ ಹೆಚ್ಚಿನವು ಸುತ್ತಲಿನ ಸುದ್ದಿ ತಿಳಿಯಲು ಇರುವಂಥವು. ಟರಂಟುಲಾದ ಕಣ್ಣು ಅಷ್ಟು ಚುರುಕಲ್ಲ. ನೆಲದ ನಡುಕ, ಗಾಳಿಯ ಅಲುಗಾಟ ಗೊತ್ತಾಗುವುದು ಕೂದಲಿನಿಂದಲೇ. ತುರಿಸುವ ರೋಮ ಇರುವುದು ಹೊಟ್ಟೆಯ ಭಾಗದ ಮೇಲ್ಗಡೆ, ಹಿಂಗಾಲು ತಲುಪುವ ಜಾಗದಲ್ಲಿ. ಅಲ್ಲಿ ಅವು ಬಹಳ ದಟ್ಟ, ಒಂದು ಚದರ ಮಿಲಿಮೀಟರಿನಲ್ಲೇ ಸಾವಿರಗಟ್ಟಲೆ ಇರುತ್ತವೆ. ಹೆಚ್ಚಿನವು ಒಂದು ಮಿಲಿಮೀಟರಿಗಿಂತ ಚಿಕ್ಕವು. ತುದಿ ಸೂಜಿಯಂತೆ ಚೂಪು, ಉದ್ದಕ್ಕೂ ಸಣ್ಣ ಸಣ್ಣ ಮುಳ್ಳು. ಬುಡದ ಹಿಡಿತ ಸಡಿಲ, ಉಜ್ಜಿದರೆ ಕಳಚಿಕೊಳ್ಳುತ್ತವೆ.

ಹೆದರಿದಾಗ ಜೇಡ ಹಿಂಬದಿಯನ್ನು ನಿಮ್ಮ ಕಡೆ ತಿರುಗಿಸಿ, ಹಿಂಗಾಲಿನಿಂದ ಹೊಟ್ಟೆಯನ್ನು ಬಿರಬಿರನೆ ಉಜ್ಜುತ್ತದೆ. ರೋಮ ಸಣ್ಣ ಧೂಳಿನಂತೆ ಏಳುತ್ತದೆ. ಬೆಳಕಿಗೆ ಅಡ್ಡ ನೋಡಿದರೆ ಮಾತ್ರ ಕಾಣುತ್ತದೆ. ಚರ್ಮಕ್ಕೆ ಚುಚ್ಚಿಕೊಂಡ ರೋಮ ಕೆರೆದಷ್ಟೂ ಒಳಗೆ ಹೋಗುತ್ತದೆ, ಹಿಂದೆ ಬರಲು ಮುಳ್ಳು ಬಿಡುವುದಿಲ್ಲ. ಕಂಬಳಿಹುಳ ಮುಟ್ಟಿದವರಿಗೆ, ನಸುಗುನ್ನಿ ಕಾಯಿ ತಾಗಿದವರಿಗೆ ಈ ಉರಿ ಹೇಗಿರುತ್ತದೆ ಅಂತ ಹೇಳಬೇಕಾಗಿಲ್ಲ.

ಎಲ್ಲ ಟರಂಟುಲಾಗಳಿಗೂ ಇದು ಇದೆಯಾ?

ಉತ್ತರ ಮತ್ತು ದಕ್ಷಿಣ ಅಮೆರಿಕದ ಜಾತಿಗಳಿಗೆ ಮಾತ್ರ. ಅಲ್ಲಿನ ಸುಮಾರು ನೂರಕ್ಕೆ ತೊಂಬತ್ತು ಜಾತಿಗಳಲ್ಲಿ ಇದೆ. ಏಷ್ಯಾ, ಆಫ್ರಿಕಾ, ಆಸ್ಟ್ರೇಲಿಯಾದ ಟರಂಟುಲಾಗಳಲ್ಲಿ ಇಲ್ಲ. ಹಾಗಂತ ಅವು ಸುಲಭ ಅಂದುಕೊಳ್ಳಬೇಡಿ. ರೋಮ ಇಲ್ಲದವು ಓಟವನ್ನೂ ಕಡಿತವನ್ನೂ ನಂಬಿಕೊಂಡಿವೆ. ಭಾರತ, ಶ್ರೀಲಂಕಾದ ಪೊಸಿಲೊಥೀರಿಯಾ ಗುಂಪಿನ ಜೇಡ ಕಡಿದರೆ ದಿನಗಟ್ಟಲೆ ಸ್ನಾಯು ಹಿಡಿದುಕೊಳ್ಳಬಹುದು.

ತುರಿಕೆಯಲ್ಲಿ ಜಾಸ್ತಿ ಕಡಿಮೆ ಇದೆಯಾ? ಯಾವ ದೊಡ್ಡ ಜಾತಿ ಹೆಚ್ಚು ತೊಂದರೆ ಕೊಡುತ್ತದೆ?

ಬಹಳ ವ್ಯತ್ಯಾಸ ಇದೆ. 1972ರಲ್ಲಿ ಕುಕ್, ರಾತ್, ಮಿಲ್ಲರ್ ಎಂಬ ಮೂವರು ಈ ರೋಮಗಳನ್ನು ನಾಲ್ಕು ಬಗೆ ಮಾಡಿದರು. ಆಮೇಲೆ ಪಟ್ಟಿ ಬೆಳೆಯಿತು, ಈಗ ಏಳು ಬಗೆ ಇವೆ. ಏಳನೆಯದು ಸಿಕ್ಕಿದ್ದು ಕೊಲಂಬಿಯಾದ ಕಾಂಕುವಾಮೋ ಎಂಬ ಜೇಡದಲ್ಲಿ, 2016ರಲ್ಲಿ.

ಸಾಕುವವರಿಗೆ ಮುಖ್ಯವಾಗಿ ನಾಲ್ಕು ಬಗೆ ಗೊತ್ತಿದ್ದರೆ ಸಾಕು. ಮೊದಲನೆಯದು ಮೆಕ್ಸಿಕೋದ ಕೆಂಪು ಮೊಣಕಾಲಿನ ಬ್ರಾಕಿಪೆಲ್ಮಾದಂಥವುಗಳಲ್ಲಿ ಇರುತ್ತದೆ. ಅದು ಚರ್ಮದ ಮೇಲ್ಪದರದಲ್ಲೇ ನಿಲ್ಲುತ್ತದೆ, ತುರಿಕೆ ಸೌಮ್ಯ. ಎರಡನೆಯದು ಮರದ ಮೇಲಿರುವ ಅವಿಕುಲೇರಿಯಾಗಳದ್ದು. ಅವು ಸಾಮಾನ್ಯವಾಗಿ ಗಾಳಿಗೆ ಎರಚದೆ ನೇರವಾಗಿ ಒತ್ತುತ್ತವೆ. ನಾಲ್ಕನೆಯದು ಗ್ರಾಮೊಸ್ಟೋಲಾ ಗುಂಪಿನದ್ದು. ಅದು ಬಹಳ ಸಣ್ಣದು, ಇಲಿಯಂಥ ಚಿಕ್ಕ ಪ್ರಾಣಿಯ ಮೂಗಿಗೆ ಹೋದರೆ ತೊಂದರೆ.

ನಿಜವಾದ ಕಾಟ ಮೂರನೆಯದು. ಉದ್ದ ಜಾಸ್ತಿ, ತೆಳು, ಚರ್ಮದೊಳಗೆ ಎರಡು ಮಿಲಿಮೀಟರ್‌ವರೆಗೂ ಇಳಿಯಬಲ್ಲದು. ನಾವು ಆಸೆಪಟ್ಟು ಸಾಕುವ ದೊಡ್ಡ ಜೇಡಗಳಲ್ಲಿ ಇರುವುದು ಇದೇ ನೋಡಿ. ಥೆರಫೋಸಾ, ಲಾಸಿಯೋಡೋರಾ, ಅಕಾಂತೋಸ್ಕೂರಿಯಾ, ನಾಂಡು, ಎಲ್ಲದರಲ್ಲೂ ಇದೆ.

ನನ್ನ ಅನುಭವದಲ್ಲಿ ಥೆರಫೋಸಾಗೆ ಮೊದಲ ಸ್ಥಾನ. ಅದರ ಹತ್ತಿರ ಬೇರೆ ಯಾವುದೂ ಬರುವುದಿಲ್ಲ. ನಾಂಡು ಎರಡನೆಯದು, ಅದಕ್ಕೆ ಎರಚುವ ಆತುರ ಜಾಸ್ತಿ. ಬ್ರೆಜಿಲ್‌ನ ಲಾಸಿಯೋಡೋರಾ ಪರಹೈಬಾನಾ ಕಾಲು ಚಾಚಿದರೆ 25 ಸೆಂಟಿಮೀಟರ್ ಮುಟ್ಟಬಲ್ಲದು, ಅದೂ ಧಾರಾಳವಾಗಿ ಎರಚುತ್ತದೆ. ಬಿಳಿ ಪಟ್ಟೆಯ ಅಕಾಂತೋಸ್ಕೂರಿಯಾ ಜೆನಿಕ್ಯುಲಾಟಾ ಊಟದ ಆಸೆಯಲ್ಲಿ ಚಿಮಟಕ್ಕೇ ಹಾರುವ ಜೇಡ, ಆದರೆ ಎರಚುವುದು ಸ್ವಲ್ಪ ಕಡಿಮೆ. ದೊಡ್ಡದೂ ಬೇಕು, ತುರಿಕೆಯೂ ಕಡಿಮೆ ಇರಬೇಕು ಅನ್ನುವವರಿಗೆ ನಾನು ಗ್ರಾಮೊಸ್ಟೋಲಾ ಪುಲ್ಕ್ರಿಪಸ್ ಹೇಳುತ್ತೇನೆ. ಚಿನ್ನದ ಬಣ್ಣದ ಗೆರೆ, 20 ಸೆಂಟಿಮೀಟರ್ ಆಸುಪಾಸಿನ ಗಾತ್ರ, ಸಮಾಧಾನದ ಸ್ವಭಾವ. ಮೊದಲ ದೊಡ್ಡ ಜೇಡ ಅದೇ ಆಗಲಿ.

ಅತಿ ದೊಡ್ಡದು ಯಾವುದು? ನಿಜವಾಗಿ ಹಕ್ಕಿ ತಿನ್ನುತ್ತದಾ?

ತೂಕದಲ್ಲಿ ಥೆರಫೋಸಾ ಬ್ಲಾಂಡಿ. ದಕ್ಷಿಣ ಅಮೆರಿಕದ ಉತ್ತರ ಭಾಗದ ಮಳೆಕಾಡಿನದ್ದು, 1804ರಲ್ಲಿ ಫ್ರಾನ್ಸಿನ ಜೀವಿವಿಜ್ಞಾನಿ ಲಾತ್ರೇಲ್ ಹೆಸರಿಟ್ಟರು. ಕಾಲು ಚಾಚಿದರೆ 28ರಿಂದ 30 ಸೆಂಟಿಮೀಟರ್, ತೂಕ 170 ಗ್ರಾಂವರೆಗೆ. ಬ್ಲಾಂಡಿ ಅಂತ ಮಾರುವ ಜೇಡ ಎಷ್ಟೋ ಸಲ ಅದರ ಹತ್ತಿರದ ಸಂಬಂಧಿ ಥೆರಫೋಸಾ ಸ್ಟಿರ್ಮಿ ಆಗಿರುತ್ತದೆ. ಅದಕ್ಕೆ ಬೇರೆ ಹೆಸರು ಸಿಕ್ಕಿದ್ದೇ 2010ರಲ್ಲಿ. ಸಾಕುವ ರೀತಿ ಎರಡಕ್ಕೂ ಒಂದೇ.

ಹಕ್ಕಿಯ ಮಾತು 1705ರ ಚಿತ್ರವೊಂದರಿಂದ ಬಂತು. ಸುರಿನಾಮ್‌ಗೆ ಹೋಗಿದ್ದ ಚಿತ್ರಕಾರ್ತಿ ಮರಿಯಾ ಸಿಬಿಲ್ಲಾ ಮೆರಿಯನ್, ಹಕ್ಕಿಯನ್ನು ತಿನ್ನುತ್ತಿರುವ ಜೇಡ ಬರೆದಿದ್ದರು. ‘ಹಕ್ಕಿ ತಿನ್ನುವ ಜೇಡ’ ಅನ್ನುವ ಹೆಸರು ಅಂಟಿಕೊಂಡಿತು. ಅಪರೂಪಕ್ಕೆ ಹಾಗೆ ಆಗಬಹುದು. ದಿನದ ಊಟ ಮಾತ್ರ ಎರೆಹುಳ, ಹುಳುಹುಪ್ಪಟೆ, ಕಪ್ಪೆ.

ನನ್ನ ಜೇಡದ ಹಿಂಭಾಗ ಬೋಳಾಗಿದೆ. ರೋಗವಾ?

ರೋಗವಲ್ಲ. ರೋಮ ಎರಚಿದ ಜಾಗ ಅದು. ಮುಂದಿನ ಸಲ ಪೊರೆ ಕಳಚಿದಾಗ ಹೊಸ ರೋಮ ಬರುತ್ತದೆ, ಅಲ್ಲಿಯವರೆಗೆ ಬೋಳೇ.

ಆದರೆ ಆ ಬೋಳನ್ನು ಸುಮ್ನೆ ನೋಡಿ ಮುಂದೆ ಹೋಗಬೇಡಿ. ಜೇಡಕ್ಕೆ ಕೋಪ ಬಂದು ಎರಚುವುದಿಲ್ಲ, ಹೆದರಿ ಎರಚುತ್ತದೆ. ಅಂದರೆ ಅದರ ಹೆದರಿಕೆಯ ಲೆಕ್ಕ ಬೆನ್ನ ಮೇಲೇ ಬರೆದಿರುತ್ತದೆ. ನನ್ನ ಮೊದಲ ಲಾಸಿಯೋಡೋರಾ ಮನೆಗೆ ಬಂದಾಗ ಬೆನ್ನು ತುಂಬಿತ್ತು, ಎರಡು ತಿಂಗಳಲ್ಲಿ ಅರ್ಧ ಬೋಳಾಯಿತು. ಜೇಡವೇ ಸಿಡುಕು ಸ್ವಭಾವದ್ದು ಅಂದುಕೊಂಡಿದ್ದೆ. ಪೆಟ್ಟಿಗೆ ಇದ್ದದ್ದು ಬಾಗಿಲಿನ ಪಕ್ಕದ ಮೇಜಿನ ಮೇಲೆ. ಬಾಗಿಲು ಹಾಕಿದಾಗಲೆಲ್ಲ ಮೇಜು ಅದುರುತ್ತಿತ್ತು. ಅಡಗಲು ಇದ್ದದ್ದು ಒಂದು ಚಿಕ್ಕ ಮರದ ತೊಗಟೆ, ಅದರ ಕೆಳಗೆ ಜೇಡ ಪೂರ್ತಿ ಹಿಡಿಸುತ್ತಲೇ ಇರಲಿಲ್ಲ. ಪೆಟ್ಟಿಗೆಯನ್ನು ಗೋಡೆ ಮೂಲೆಗೆ ಒಯ್ದೆ, ಮಣ್ಣು ಎತ್ತರಿಸಿ ದೊಡ್ಡ ಬಿಲ ಮಾಡಿಕೊಟ್ಟೆ. ಮುಂದಿನ ಪೊರೆಯ ನಂತರ ಬಂದ ರೋಮ ಒಂದೂವರೆ ವರ್ಷ ಹಾಗೇ ಉಳಿಯಿತು. ಜೇಡ ಅದೇ. ನಾನು ಇಟ್ಟ ರೀತಿ ಬದಲಾಗಿತ್ತು, ಅಷ್ಟೆ.

ಅದಕ್ಕೇ ಯಾರಾದರೂ ತುರಿಕೆಗೆ ಯಾವ ಮುಲಾಮು ಒಳ್ಳೆಯದು ಅಂತ ಕೇಳಿದರೆ ನಾನು ಮೊದಲು ಜೇಡದ ಬೆನ್ನಿನ ಫೋಟೋ ಕೇಳುತ್ತೇನೆ.

ನಾನು ಜೇಡವನ್ನು ಮುಟ್ಟಲೇ ಇಲ್ಲ. ಆದರೂ ಕೈ ತುರಿಸುತ್ತಿದೆ, ಯಾಕೆ?

ರೋಮ ಜೇಡದ ಮೇಲೆ ಮಾತ್ರ ಇರುವುದಿಲ್ಲ. ಪೆಟ್ಟಿಗೆಯ ಮಣ್ಣಿನಲ್ಲಿ, ಗಾಜಿನ ಒಳಗೋಡೆಯಲ್ಲಿ, ಮುಚ್ಚಳದ ಅಂಚಿನಲ್ಲಿ, ನೀರಿನ ಬಟ್ಟಲಲ್ಲಿ, ಚಿಮಟದ ತುದಿಯಲ್ಲಿ ಎಲ್ಲ ಕಡೆ ಇರುತ್ತದೆ. ಎರಡು ಜಾಗಗಳನ್ನು ಬಹಳ ಜನ ಮರೆಯುತ್ತಾರೆ.

ಒಂದು, ಕಳಚಿದ ಪೊರೆ. ಹೊಟ್ಟೆಯ ಭಾಗದ ಹಳೇ ಚರ್ಮದ ಮೇಲೆ ಹಳೇ ರೋಮ ಹಾಗೇ ಉಳಿದಿರುತ್ತದೆ. ಪೊರೆ ನೋಡಲು ಚೆಂದ, ಇನ್ನೊಂದು ಜೇಡವೇ ಕೂತಿರುವ ಹಾಗೆ ಕಾಣುತ್ತದೆ, ಕೈಗೆತ್ತಿಕೊಳ್ಳುವ ಆಸೆ ಆಗಿಯೇ ಆಗುತ್ತದೆ. ಥೆರಫೋಸಾದ ಪೊರೆಯನ್ನು ಬರಿಗೈಯಲ್ಲಿ ನೆನೆಸಿ, ಕಾಲು ಹರಡಿ ಒಣಗಿಸಿದ್ದೆ. ಬೆರಳ ಸಂದಿಯಲ್ಲಿ ಹದಿನಾರು ದಿನ ತುರಿಕೆ ಇತ್ತು.

ಎರಡು, ಪೊರೆ ಕಳಚುವ ಮೊದಲು ಹೆಣೆಯುವ ಬಲೆಯ ಚಾಪೆ. ಥೆರಫೋಸಾದಂಥ ಜೇಡಗಳು ಆ ಚಾಪೆಗೆ ತಮ್ಮ ರೋಮವನ್ನು ಬೇಕೆಂದೇ ಸೇರಿಸುತ್ತವೆ. ಮೊಟ್ಟೆಯ ಚೀಲಕ್ಕೂ ಸೇರಿಸುತ್ತವೆ. ಮೆತ್ತಗಿರುವ ಜೇಡವನ್ನೂ ಮೊಟ್ಟೆಯನ್ನೂ ತಿನ್ನಲು ಬರುವ ಫೋರಿಡ್ ನೊಣದ ಮರಿಹುಳಗಳನ್ನು ಅದು ತಡೆಯುತ್ತದೆ. ತಾಯಿ ತನ್ನ ಮೈಯಿಂದಲೇ ಮುಳ್ಳುಬೇಲಿ ಹಾಕುವ ಹಾಗೆ. ಇದು ತಿಳಿದ ಮೇಲೆ ನನಗೆ ಆ ರೋಮದ ಮೇಲಿದ್ದ ಬೇಸರ ಎಷ್ಟೋ ಕಡಿಮೆಯಾಯಿತು.

ಮೈಗೆ ತಾಗಿಬಿಟ್ಟಿದೆ. ಈಗ ಏನು ಮಾಡಲಿ?

ಕೆರೆಯಬೇಡಿ. ಕಷ್ಟ ಅಂತ ಗೊತ್ತು, ಆದರೂ ಕೆರೆಯಬೇಡಿ. ಉಜ್ಜಲೂ ಬೇಡಿ.

ಚರ್ಮ ಒಣಗಿರುವಾಗಲೇ ಅಂಟುವ ಟೇಪಿನ ತುಂಡನ್ನು ಮೆಲ್ಲಗೆ ಒತ್ತಿ ಎತ್ತಿ. ಪ್ರತಿ ಸಲ ಹೊಸ ತುಂಡು. ಏಳೆಂಟು ಸಲ ಮಾಡಿದರೆ ಮೇಲೆ ನಿಂತಿರುವ ರೋಮ ಬಹುಪಾಲು ಬಂದುಬಿಡುತ್ತದೆ. ಆಮೇಲೆ ತಣ್ಣೀರಿನ ಧಾರೆ, ಸೋಪು. ಟವೆಲಿನಿಂದ ಒರೆಸದೆ ಒತ್ತಿ ಒಣಗಿಸಿ. ಹಾಕಿದ ಅಂಗಿಯನ್ನು ಬೇರೆಯಾಗಿ ಒಗೆಯಿರಿ, ಇಲ್ಲದಿದ್ದರೆ ಮನೆಯವರ ಬಟ್ಟೆಗೂ ಹಂಚಿದ ಹಾಗೆ.

ಕೆಂಪು ಗುಳ್ಳೆ, ಉರಿ ಉಳಿದರೆ ತಣ್ಣನೆ ಬಟ್ಟೆ, ಕ್ಯಾಲಮೈನ್ ಲೋಶನ್ ಹಿತ ಕೊಡುತ್ತವೆ. ಹೈಡ್ರೋಕಾರ್ಟಿಸೋನ್ ಮುಲಾಮು, ಸೆಟಿರಿಜಿನ್‌ನಂಥ ಅಲರ್ಜಿ ಮಾತ್ರೆ ಬಹಳ ಜನಕ್ಕೆ ಕೆಲಸ ಮಾಡುತ್ತವೆ. ಬೇರೆ ಔಷಧಿ ತೆಗೆದುಕೊಳ್ಳುತ್ತಿದ್ದರೆ, ಗರ್ಭಿಣಿಯಾಗಿದ್ದರೆ, ತುರಿಕೆ ಮಗುವಿಗೆ ಆಗಿದ್ದರೆ ಮೊದಲು ವೈದ್ಯರನ್ನು ಕೇಳಿ. ಮುಖ, ತುಟಿ ಊದಿದರೆ, ಮೈಯೆಲ್ಲ ದದ್ದು ಎದ್ದರೆ, ಉಸಿರು ಕಟ್ಟಿದರೆ ತಡ ಮಾಡದೆ ಆಸ್ಪತ್ರೆಗೆ ಹೋಗಿ.

ಬ್ರಾಕಿಪೆಲ್ಮಾದ ತುರಿಕೆ ಕೆಲವು ಗಂಟೆಯಲ್ಲಿ ಇಳಿಯಬಹುದು. ಥೆರಫೋಸಾದ್ದು ಎರಡು ಮೂರು ವಾರವೂ ಇರಬಹುದು. ಮೂರನೇ ದಿನ ಇನ್ನೂ ತುರಿಸುತ್ತಿದೆ ಅಂತ ಗಾಬರಿ ಬೇಡ.

ಕಣ್ಣಿಗೆ ಬಿದ್ದರೆ?

ಈ ಪುಟದಲ್ಲಿ ಒಂದೇ ಉತ್ತರ ಓದುವುದಾದರೆ ಇದನ್ನು ಓದಿ.

ಚರ್ಮದಲ್ಲಿ ಸಿಕ್ಕ ರೋಮ ಕಾಟ ಕೊಡುತ್ತದೆ, ಕಣ್ಣಲ್ಲಿ ಸಿಕ್ಕ ರೋಮ ಹಾನಿ ಮಾಡುತ್ತದೆ. ಅದು ಕಣ್ಣಿನ ಕಪ್ಪುಗುಡ್ಡೆಯ ಮೇಲಿನ ಪಾರದರ್ಶಕ ಪದರಕ್ಕೆ ಚುಚ್ಚಿಕೊಂಡು, ತಿಂಗಳುಗಟ್ಟಲೆ ನಿಧಾನವಾಗಿ ಒಳಕ್ಕೆ ಸರಿಯಬಲ್ಲದು. ವೈದ್ಯರು ಇದನ್ನು ಆಫ್ತಾಲ್ಮಿಯಾ ನೊಡೋಸಾ ಅನ್ನುತ್ತಾರೆ. ಕಣ್ಣು ಕೆಂಪು, ನೀರು, ಬೆಳಕು ನೋಡಲಾಗದ ನೋವು. ಬಿಟ್ಟರೆ ದೃಷ್ಟಿಗೇ ಕುತ್ತು.

2010ರ ಆರಂಭದಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಇಂಥದೇ ಒಂದು ಪ್ರಕರಣ ಬಂದಿತ್ತು. ಇಂಗ್ಲೆಂಡಿನ ಲೀಡ್ಸ್‌ನಲ್ಲಿ 29 ವರ್ಷದ ಒಬ್ಬರು ತಮ್ಮ ಚಿಲಿ ರೋಸ್ ಟರಂಟುಲಾದ ತೊಟ್ಟಿ ತೊಳೆಯುತ್ತಿದ್ದರು. ಗಾಜಿನ ಕಲೆ ಉಜ್ಜುವುದರಲ್ಲಿ ಮಗ್ನ. ಹಿಂದೆ ಏನೋ ಅಲುಗಿದ ಹಾಗಾಯಿತು, ತಿರುಗಿ ನೋಡಿದರು. ಜೇಡ ಎರಚಿದ ರೋಮ ನೇರ ಮುಖಕ್ಕೆ. ಮೂರು ವಾರ ಕಣ್ಣು ಕೆಂಪಾಗಿಯೇ ಇತ್ತು, ಮೊದಲು ಕೊಟ್ಟ ಸೋಂಕಿನ ಔಷಧಿ ಕೆಲಸ ಮಾಡಲಿಲ್ಲ. ಹೆಚ್ಚು ದೊಡ್ಡದು ಮಾಡಿ ತೋರಿಸುವ ಮಸೂರದಲ್ಲಿ ನೋಡಿದಾಗ ಕಣ್ಣಿನ ಪದರದಲ್ಲಿ ಕೂದಲಿನಂಥ ಸಣ್ಣ ಎಳೆಗಳು ಕಂಡವು. ಆಗ ಅವರಿಗೆ ಜೇಡದ ಸಂಗತಿ ನೆನಪಾಯಿತು. ಚಿಲಿ ರೋಸ್ ಅಂದರೆ ಮೆತ್ತನೆ ಸ್ವಭಾವಕ್ಕೇ ಹೆಸರಾದ ಜೇಡ, ಗಾತ್ರದಲ್ಲೂ ಅಂಥ ದೊಡ್ಡದಲ್ಲ.

ಹಾಗಾಗಿ: ಕಣ್ಣು ಉಜ್ಜಬೇಡಿ. ಕಾಂಟ್ಯಾಕ್ಟ್ ಲೆನ್ಸ್ ಇದ್ದರೆ ಕೈ ಚೆನ್ನಾಗಿ ತೊಳೆದು ತೆಗೆಯಿರಿ. ಶುದ್ಧ ನೀರಿನಿಂದ ಹದಿನೈದು ನಿಮಿಷ ತೊಳೆಯಿರಿ. ಅದೇ ದಿನ ಕಣ್ಣಿನ ವೈದ್ಯರ ಹತ್ತಿರ ಹೋಗಿ, ಒಳಗೆ ಕಾಲಿಡುತ್ತಿದ್ದಂತೆ “ಟರಂಟುಲಾದ ಮುಳ್ಳುರೋಮ ಬಿದ್ದಿದೆ” ಅಂತ ಹೇಳಿ. ಹೇಳದಿದ್ದರೆ ಮಾಮೂಲಿ ಕೆಂಗಣ್ಣು ಅಂತ ನೋಡಿ ಕಳಿಸುವ ಸಾಧ್ಯತೆ ಜಾಸ್ತಿ, ಬರಿಗಣ್ಣಿಗೆ ರೋಮ ಕಾಣುವುದೇ ಇಲ್ಲ. ಮನೆಯಲ್ಲಿ ಉಳಿದಿರುವ ಹಳೇ ಸ್ಟೀರಾಯ್ಡ್ ಹನಿಗಳನ್ನು ನೀವೇ ಹಾಕಿಕೊಳ್ಳಬೇಡಿ.

ಮೂಗಿಗೆ ಹೋದರೆ? ನನಗೆ ಆಸ್ತಮಾ ಇದೆ, ಸಾಕಬಹುದಾ?

ಸಾಮಾನ್ಯವಾಗಿ ಸೀನು, ಮೂಗು ಸೋರುವುದು, ಗಂಟಲ ಕೆರೆತ. ಆಸ್ತಮಾ ಇರುವವರು ಥೆರಫೋಸಾ, ನಾಂಡು, ಲಾಸಿಯೋಡೋರಾ ಬಿಟ್ಟುಬಿಡಿ. ನೇರವಾಗಿ ಹೇಳುತ್ತಿದ್ದೇನೆ, ಬೇಸರ ಬೇಡ.

ದಿನ ಕಳೆದ ಹಾಗೆ ಅಭ್ಯಾಸ ಆಗುತ್ತದಲ್ವಾ?

ಆಗುವುದಿಲ್ಲ. ಹೆಚ್ಚಿನವರಿಗೆ ಉಲ್ಟಾ. ಮತ್ತೆ ಮತ್ತೆ ತಾಗಿದಷ್ಟೂ ಮೈ ಅದನ್ನು ಗುರುತಿಟ್ಟುಕೊಂಡು ಜೋರಾಗಿ ಪ್ರತಿಕ್ರಿಯೆ ಕೊಡಲು ಶುರು ಮಾಡುತ್ತದೆ. ಮೊದಲ ವರ್ಷ ನನಗೆ ಏನೂ ಆಗುತ್ತಿರಲಿಲ್ಲ. ಗ್ಲೌಸ್ ಇಲ್ಲದೆ ಕೆಲಸ ಮಾಡುತ್ತಿದ್ದೆ. ನಾಲ್ಕನೇ ವರ್ಷದ ಹೊತ್ತಿಗೆ ಮುಚ್ಚಳ ತೆರೆದರೆ ಸಾಕು, ಮುಂಗೈಯಲ್ಲಿ ಗುಳ್ಳೆ. ಈಗ ಏನೂ ಆಗುತ್ತಿಲ್ಲ ಅನ್ನುವವರೇ ಇವತ್ತಿನಿಂದ ಗ್ಲೌಸ್ ಹಾಕಬೇಕು.

ಪೆಟ್ಟಿಗೆಯಲ್ಲಿ ಕೆಲಸ ಮಾಡುವಾಗ ಹೇಗೆ ಕಾಪಾಡಿಕೊಳ್ಳುವುದು?

ದಿನದ ಕೆಲಸಕ್ಕೆ ನೈಟ್ರೈಲ್ ಗ್ಲೌಸ್, ಉದ್ದ ತೋಳಿನ ಅಂಗಿ, 30 ಸೆಂಟಿಮೀಟರ್ ಉದ್ದದ ಚಿಮಟ. ಗ್ಲೌಸನ್ನು ಅಂಗಿಯ ತೋಳಿನ ಮೇಲೆ ಎಳೆದುಕೊಳ್ಳಿ, ಮಣಿಕಟ್ಟಿನ ಸಂದಿಯಲ್ಲೇ ರೋಮ ಸೇರುವುದು. ಥೆರಫೋಸಾ ಆದರೆ ಸುತ್ತಲೂ ಮುಚ್ಚುವ ಕನ್ನಡಕ, ಎನ್95 ಮಾಸ್ಕ್ ಕೂಡ. ಮಾಮೂಲಿ ಕನ್ನಡಕ ಸಾಲದು, ಬದಿಯಿಂದ ಒಳಗೆ ಬರುತ್ತದೆ.

ಮುಖವನ್ನು ಪೆಟ್ಟಿಗೆಯ ಮೇಲೆ ಬಗ್ಗಿಸಬೇಡಿ, ತೋಳು ಚಾಚಿ ಕೆಲಸ ಮಾಡಿ. ತೆರೆಯುವ ಮೊದಲು ಫ್ಯಾನ್ ಆರಿಸಿ. ಜೇಡ ಎಲ್ಲಿದೆ ಅಂತ ಕಣ್ಣಾರೆ ನೋಡದೆ ಮುಚ್ಚಳ ಎತ್ತಬೇಡಿ. ಜೇಡದ ಮೇಲೆ ಉಸಿರು ಊದಬೇಡಿ, ಅದಕ್ಕೆ ಅದು ಬೇಟೆಗಾರ ಪ್ರಾಣಿಯ ಉಸಿರೇ. ಎಷ್ಟೋ ಜನ ಜೇಡವನ್ನು ಸರಿಸಲು ಊದುತ್ತಾರೆ, ಮರುಕ್ಷಣ ಮುಖದ ತುಂಬಾ ರೋಮ.

ಮಣ್ಣು ಬದಲಿಸುವಾಗ ಮೊದಲು ಜೇಡವನ್ನು ಹೊರಗೆ ತೆಗೆಯಿರಿ. ಅಗಲ ಬಾಯಿಯ ಪಾರದರ್ಶಕ ಡಬ್ಬಿಯನ್ನು ಅದರ ಮುಂದೆ ಹಿಡಿದು, ಹಿಂದಿನಿಂದ ಮೆತ್ತನೆ ಬ್ರಶ್‌ನಲ್ಲಿ ಹಿಂಗಾಲನ್ನು ತುಸುವೇ ಮುಟ್ಟಿದರೆ ತಾನೇ ಒಳಗೆ ನಡೆಯುತ್ತದೆ. ಮುಚ್ಚಳ ಹಾಕಿ. ಆಮೇಲೆ ಹಳೇ ಮಣ್ಣಿಗೆ ನೀರು ಚಿಮುಕಿಸಿ ಚೆನ್ನಾಗಿ ಒದ್ದೆ ಮಾಡಿ, ಒದ್ದೆಯಾದ ರೋಮ ಹಾರುವುದಿಲ್ಲ. ಚೀಲಕ್ಕೆ ತುಂಬಿ ಬಾಯಿ ಕಟ್ಟಿ. ಗಾಜನ್ನು ಒದ್ದೆ ಕಾಗದದಿಂದ ಒಂದೇ ದಿಕ್ಕಿಗೆ ಒರೆಸಿ ಆ ಕಾಗದವನ್ನೂ ಅದೇ ಚೀಲಕ್ಕೆ ಹಾಕಿ. ಪೊರಕೆ, ಮಾಮೂಲಿ ವ್ಯಾಕ್ಯೂಮ್ ಎರಡೂ ಬೇಡ, ರೋಮವನ್ನು ಕೋಣೆಯೆಲ್ಲ ಹರಡುತ್ತವೆ. ಪೆಟ್ಟಿಗೆ ಮಲಗುವ ಕೋಣೆಯಲ್ಲಿದ್ದರೆ ಹಾಸಿಗೆಯಿಂದ ದೂರ ಇರಲಿ.

ಪೆಟ್ಟಿಗೆ ಎಷ್ಟು ದೊಡ್ಡದಿರಬೇಕು?

ಉದ್ದ ಅಗಲ ಜೇಡದ ಕಾಲಿನ ಹರವಿನ ಎರಡರಿಂದ ಮೂರು ಪಟ್ಟು. ಎತ್ತರದಲ್ಲಿ ಮಾತ್ರ ಜಿಪುಣತನ ಬೇಕು. ಮಣ್ಣಿನಿಂದ ಮುಚ್ಚಳಕ್ಕೆ ಕಾಲಿನ ಹರವಿನ ಒಂದೂವರೆಯಷ್ಟಕ್ಕಿಂತ ಜಾಸ್ತಿ ಬೇಡ. ದೊಡ್ಡ ಟರಂಟುಲಾದ ಹೊಟ್ಟೆ ನೀರು ತುಂಬಿದ ತೆಳು ಚೀಲದಂತೆ. ಎರಡು ಅಡಿ ಎತ್ತರದಿಂದ ಗಟ್ಟಿ ವಸ್ತುವಿನ ಮೇಲೆ ಬಿದ್ದರೆ ಒಡೆದೇ ಹೋಗಬಹುದು. ತಂತಿ ಜಾಲರಿಯ ಮುಚ್ಚಳವೂ ಬೇಡ, ಕಾಲಿನ ಉಗುರು ಸಿಕ್ಕಿಕೊಂಡು ಜೇಡ ನೇತಾಡುತ್ತದೆ. ತೂತು ಕೊರೆದ ಅಕ್ರಿಲಿಕ್ ಒಳ್ಳೆಯದು.

ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಮತ್ತು ಗೊಬ್ಬರ ಬೆರೆಸದ ಮಣ್ಣನ್ನು ಒತ್ತಿ ತುಂಬಿ. ಥೆರಫೋಸಾಗೆ 15ರಿಂದ 20 ಸೆಂಟಿಮೀಟರ್ ಆಳ ಬೇಕು. ಇಡೀ ಮೈ ಹಿಡಿಸುವ ಬಿಲ ಅಥವಾ ಅಡಗುತಾಣ ಕಡ್ಡಾಯ. ಅಡಗಿದ ಜೇಡ ಎರಚುವುದಿಲ್ಲ. ಜೇಡ ಕಾಣಿಸುವುದೇ ಇಲ್ಲ ಅಂತ ಅಡಗುತಾಣ ತೆಗೆಯುವವರಿದ್ದಾರೆ, ದಯವಿಟ್ಟು ಹಾಗೆ ಮಾಡಬೇಡಿ.

ಶಾಖ, ತೇವ ಎಷ್ಟು?

24ರಿಂದ 28 ಡಿಗ್ರಿ ಸೆಲ್ಸಿಯಸ್ ಹಿತ. ನಿಮಗೆ ಹಿತವಾದ ಕೋಣೆ ಅದಕ್ಕೂ ಹಿತ. ಬಿಸಿ ಬಲ್ಬು, ಬಿಸಿ ಕಲ್ಲು ಬೇಡ. ಥೆರಫೋಸಾಗೆ ಮಣ್ಣು ಯಾವಾಗಲೂ ಹಸಿಯಾಗಿರಲಿ, ಆದರೆ ಗಾಳಿ ಎದುರುಬದುರು ಆಡಬೇಕು. ಹಸಿ ಇದ್ದು ಗಾಳಿ ಇಲ್ಲದಿದ್ದರೆ ಬೂಸ್ಟು, ಹುಳ, ಸಾವು. ನೀರನ್ನು ಮೂಲೆಯಲ್ಲಿ ಮಣ್ಣಿಗೆ ಸುರಿಯಿರಿ. ಜೇಡದ ಮೈಮೇಲೆ ಸಿಂಪಡಿಸಿದರೆ ಹೆದರುತ್ತದೆ, ಹೆದರಿದರೆ ಎರಚುತ್ತದೆ. ಗ್ರಾಮೊಸ್ಟೋಲಾ ಒಣ ಮಣ್ಣಿನಲ್ಲೇ ಸುಖವಾಗಿರುತ್ತದೆ. ಎಲ್ಲದಕ್ಕೂ ಅಗಲವಾದ ನೀರಿನ ಬಟ್ಟಲು ಇಡಿ, ಸ್ಪಂಜು ಹಾಕಬೇಡಿ.

ಏನು ತಿನ್ನಿಸಬೇಕು?

ಕ್ರಿಕೆಟ್ ಹುಳ, ಸಾಕಿದ ಜಿರಳೆ, ದೊಡ್ಡ ಮೀಲ್‌ವರ್ಮ್. ಬೆಳೆದ ಜೇಡಕ್ಕೆ ವಾರ ಹತ್ತು ದಿನಕ್ಕೊಮ್ಮೆ ಸಾಕು. ಇಲಿ ಬೇಕಿಲ್ಲ. ಔಷಧಿ ಹೊಡೆದ ಮನೆಯ ಜಿರಳೆ ಬೇಡವೇ ಬೇಡ. ತಿನ್ನದ ಹುಳವನ್ನು ಮರುದಿನ ತೆಗೆಯಿರಿ. ಹೊಟ್ಟೆ ಊದಿಸಿ ದೊಡ್ಡದು ಮಾಡುವ ಆಸೆ ಒಳ್ಳೆಯದಲ್ಲ, ಬಿದ್ದಾಗ ಮೊದಲು ಒಡೆಯುವುದು ಅಂಥ ಹೊಟ್ಟೆಯೇ.

ತಿಂಗಳಿಂದ ಊಟ ಬಿಟ್ಟಿದೆ. ಈಗ ಬೆನ್ನು ಕೆಳಗೆ ಮಾಡಿ ಬಿದ್ದಿದೆ. ಸತ್ತಿತಾ?

ಮುಟ್ಟಬೇಡಿ! ಅದು ಪೊರೆ ಕಳಚುತ್ತಿದೆ. ಸಾಯುವ ಟರಂಟುಲಾ ಸಾಮಾನ್ಯವಾಗಿ ನೆಟ್ಟಗೇ ಇದ್ದು ಕಾಲುಗಳನ್ನು ಹೊಟ್ಟೆಯ ಕೆಳಗೆ ಮುದುರಿಕೊಳ್ಳುತ್ತದೆ. ಮಲಗಿ ಕಾಲು ಮೇಲೆ ಮಾಡಿದ್ದರೆ ಪೊರೆ.

ಊಟ ಬಿಡುವುದು, ಬಣ್ಣ ಮಂಕಾಗುವುದು, ಚಾಪೆ ಹೆಣೆಯುವುದು ಇವೆಲ್ಲ ಮುನ್ಸೂಚನೆ. ಬೋಳಾದ ಜಾಗ ಕಪ್ಪಾದರೆ ಒಳಗೆ ಹೊಸ ರೋಮ ಸಿದ್ಧವಾಗಿದೆ ಅಂತ ಅರ್ಥ. ದೊಡ್ಡ ಜೇಡ ಇಡೀ ರಾತ್ರಿ ತೆಗೆದುಕೊಳ್ಳಬಹುದು. ಬೆಳಕು ಆರಿಸಿ, ಜೀವಂತ ಹುಳ ಇದ್ದರೆ ಸದ್ದಿಲ್ಲದೆ ತೆಗೆಯಿರಿ, ನೀರಿನ ಬಟ್ಟಲು ತುಂಬಿರಲಿ. ಹೊಸ ಹಲ್ಲು ಮೊದಲು ಬಿಳಿ, ಆಮೇಲೆ ಕೆಂಪು, ಕೊನೆಗೆ ಕಪ್ಪು. ಕಪ್ಪಾಗುವವರೆಗೆ ಊಟ ಬೇಡ. ದೊಡ್ಡದಕ್ಕೆ ಎರಡು ವಾರ ಬಿಡುವುದು ಕ್ಷೇಮ. ಕಳಚಿದ ಪೊರೆಯನ್ನು ಜೇಡ ದೂರ ಹೋದ ಮೇಲೆ ಚಿಮಟದಿಂದ ಎತ್ತಿ ಡಬ್ಬಿಗೆ ಹಾಕಿ. ಹಾಗೇ ಬಿಟ್ಟರೆ ಜೇಡ ಅದನ್ನು ತುಳಿದು ಚೂರು ಮಾಡಿ ರೋಮವನ್ನು ಮಣ್ಣಿಗೆಲ್ಲ ಕಲಸುತ್ತದೆ.

ಕೈಯಲ್ಲಿ ಎತ್ತಿಕೊಳ್ಳಬಹುದಾ?

ಬೇಡ. ನಿಮಗಿಂತ ಅದಕ್ಕೆ ಅಪಾಯ ಜಾಸ್ತಿ. ಪ್ರೀತಿಯಿಂದ ಸವರಿದರೆ ಅದಕ್ಕೆ ಹಿತ ಅನಿಸುವುದಿಲ್ಲ. ನೋಡುವುದೇ ನಮ್ಮ ಪಾಲಿನ ಸುಖ, ಅದು ಬಹಳ ದೊಡ್ಡದು.

ಜೇಡ ಬುಸ್ ಅಂತ ಸದ್ದು ಮಾಡುತ್ತದೆ. ಕಡಿಯುತ್ತದಾ?

ಥೆರಫೋಸಾ ಕಾಲಿನ ಕೂದಲುಗಳನ್ನು ಒಂದಕ್ಕೊಂದು ಉಜ್ಜಿ ಆ ಸದ್ದು ಮಾಡುತ್ತದೆ, ಕೆಲವು ಮೀಟರ್ ದೂರಕ್ಕೂ ಕೇಳುತ್ತದೆ. ದೂರ ಹೋಗು ಅಂತ ಹೇಳುತ್ತಿದೆ, ಹೋಗಿ. ಮುಂಗಾಲು ಎತ್ತಿ ಹಲ್ಲು ತೋರಿಸಿದರೂ ಅದೇ ಮಾತು. ಕಡಿದರೆ ಅದರ ವಿಷ ಹೆಚ್ಚಿನವರಿಗೆ ದೊಡ್ಡ ಕಣಜದ ಕಡಿತದ ಮಟ್ಟದ್ದು. ಆದರೆ ಹಲ್ಲು ಎರಡು ಮೂರು ಸೆಂಟಿಮೀಟರ್ ಉದ್ದ, ಗಾಯ ಆಳವಾಗುತ್ತದೆ. ಸೋಪು ನೀರಲ್ಲಿ ತೊಳೆದು ವೈದ್ಯರಿಗೆ ತೋರಿಸಿ, ಧನುರ್ವಾಯು ಚುಚ್ಚುಮದ್ದಿನ ಬಗ್ಗೆಯೂ ಕೇಳಿ.

ಮನೆಯಲ್ಲಿ ಮಕ್ಕಳು, ನಾಯಿ, ಬೆಕ್ಕು ಇವೆ.

ಬೀಗ ಇರುವ ಪೆಟ್ಟಿಗೆ, ಮಕ್ಕಳ ಮುಖದ ಮಟ್ಟಕ್ಕಿಂತ ಬೇರೆ ಎತ್ತರ. ಮುಚ್ಚಳ ತೆರೆಯುವಾಗ ಅವರು ಕೋಣೆಯಲ್ಲಿ ಇರಬಾರದು. ಮಕ್ಕಳು ಕೈ ಹಾಕುವುದು ಮೊದಲು ಕಣ್ಣಿಗೇ ಅಲ್ವಾ. ನಾಯಿ ಬೆಕ್ಕುಗಳು ಮೂಸಿ ನೋಡುತ್ತವೆ, ಮೂಗು ಬಾಯಿಗೆ ರೋಮ ಹೋದರೆ ಬಹಳ ಒದ್ದಾಡುತ್ತವೆ. ರೋಮವಿಲ್ಲದ ಜಾತಿಯಾದರೂ ಹುಷಾರು. ಆಸ್ಟ್ರೇಲಿಯಾದ ಟರಂಟುಲಾ ಕಡಿದು ನಾಯಿಗಳು ಸತ್ತಿವೆ.

ಎಷ್ಟು ವರ್ಷ ಬದುಕುತ್ತದೆ?

ಹೆಣ್ಣಾದರೆ ಹದಿನೈದು ಇಪ್ಪತ್ತು ವರ್ಷ. ಗಂಡು ಪ್ರಾಯಕ್ಕೆ ಬಂದ ಮೇಲೆ ಒಂದೆರಡು ವರ್ಷ ಇದ್ದರೆ ಹೆಚ್ಚು.

ತರುವ ಮೊದಲು ಏನು ವಿಚಾರಿಸಬೇಕು?

ನೀವಿರುವ ದೇಶದ ಕಾನೂನು. ಬ್ರಾಕಿಪೆಲ್ಮಾ, ಪೊಸಿಲೊಥೀರಿಯಾ ಗುಂಪುಗಳು ಸೈಟೀಸ್ ಎಂಬ, ಕಾಡುಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರದ ಮೇಲೆ ಹತೋಟಿ ಇಡುವ ಒಪ್ಪಂದದ ಎರಡನೇ ಪಟ್ಟಿಯಲ್ಲಿವೆ, ಗಡಿ ದಾಟಿಸಲು ಪರವಾನಗಿ ಬೇಕು. ಬೇರೆ ಜಾತಿಗಳಿಗೂ ನೋಂದಣಿ ಬೇಕಾಗಬಹುದು. ಕಾಡಿನಿಂದ ಹಿಡಿದು ತಂದದ್ದನ್ನು ಕೊಳ್ಳಬೇಡಿ. ಸಾಕಿದ ಜೇಡದ ಮರಿಯನ್ನೇ ತನ್ನಿ, ನಿಧಾನವಾಗಿ ಬೆಳೆಯುವುದನ್ನು ನೋಡಿ. ಅದು ದೊಡ್ಡದಾಗುವಷ್ಟರಲ್ಲಿ ನೀವೂ ಅದರ ರೀತಿ ಕಲಿತಿರುತ್ತೀರಿ.

ಎಲ್ಲ ಮಾಡಿ ನೋಡಿದೆ. ತುರಿಕೆ ತಾಳಲು ಆಗುತ್ತಿಲ್ಲ. ಏನು ಮಾಡಲಿ?

ಅನುಭವ ಇರುವ ಇನ್ನೊಬ್ಬರಿಗೆ ಕೊಡಿ. ಇದರಲ್ಲಿ ಸೋಲೇನೂ ಇಲ್ಲ. ನನ್ನ ಥೆರಫೋಸಾವನ್ನು ಐದನೇ ವರ್ಷದಲ್ಲಿ ನಾನೂ ಹಾಗೆಯೇ ಕೊಟ್ಟೆ, ಮೈ ಒಪ್ಪಲಿಲ್ಲ. ಅವತ್ತು ಬಹಳ ಸಂಕಟವಾಗಿತ್ತು. ಹೊರಗೆ ಮಾತ್ರ ಬಿಡಬೇಡಿ. ಅದು ಅಲ್ಲಿನದ್ದಲ್ಲ, ಬದುಕುವುದಿಲ್ಲ. ಬದುಕಿದರೂ ಅಲ್ಲಿರುವ ಜೀವಿಗಳಿಗೆ ತೊಂದರೆ. ಕೊಡುವಾಗ ಕೊನೆಯ ಪೊರೆಯ ದಿನ, ಊಟದ ಲೆಕ್ಕ, ಮಣ್ಣು ಎಷ್ಟು ಹಸಿ ಇಡುತ್ತಿದ್ದಿರಿ ಎಲ್ಲವನ್ನೂ ಬರೆದು ಕೊಡಿ. ಪೆಟ್ಟಿಗೆಯ ಮೇಲೆ “ರೋಮ ಎರಚುತ್ತದೆ, ಕನ್ನಡಕ ಹಾಕಿ” ಅಂತ ದೊಡ್ಡ ಅಕ್ಷರದಲ್ಲಿ ಚೀಟಿ ಅಂಟಿಸಿ.